ಕಣ್ಣಿಲ್ಲದ ಗೋಬಿಯ ನೆಂಟರು

ಗೋಬಿ ಅಂದರೆ ಇಲ್ಲಿ ಹೂಕೋಸಲ್ಲ, ಮೀನು. ಬೆರಳುದ್ದದ ಮೀನು. ಹೊಟ್ಟೆಯಡಿಯ ರೆಕ್ಕೆಗಳು ಬಟ್ಟಲಿನಂತೆ ಕೂಡಿಕೊಂಡಿರುವುದರಿಂದ ಕಲ್ಲಿಗೆ ಗಟ್ಟಿಯಾಗಿ ಅಂಟಿ ಕೂರುತ್ತದೆ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಚೂಟಿಯ ದೊಡ್ಡಪ್ಪನೂ ಹಾಗೇ, ಒಂದೇ ಮಾತಿಗೆ ಅಂಟಿ ಕೂತಿದ್ದವರು. ಪ್ರಾಯದಲ್ಲಿ ಗುಹೆಯೊಂದರ ನೀರಿನಿಂದ ಕಣ್ಣಿಲ್ಲದ ಗೋಬಿಯೊಂದನ್ನು ಹಿಡಿದು ತಂದು ಸ್ಪಿರಿಟ್ ಸೀಸೆಯಲ್ಲಿಟ್ಟಿದ್ದರು. ಆಮೇಲೆ ಗುಹೆ ಕುಸಿದು ಮುಚ್ಚಿಹೋಯಿತು. ಇದು ಕೆರೆಗೋಬಿಯಲ್ಲ, ಕಡಲಿನ ಗೋಬಿಗಳ ದೂರದ ದಾಯಾದಿ, ಹೊಸದೇ ಜಾತಿ ಎಂದು ಮೂಳೆ ಎಣಿಸಿ ಎಣಿಸಿ ವಾದಿಸುತ್ತಿದ್ದರು. ಕೇಳಿದವರು ತಲೆಯಾಡಿಸಿ ನಗುತ್ತಿದ್ದರು.

ಕೊನೆಗೆ ತಮ್ಮನ ಮಗಳೇ ಅದೇ ಕಾಲೇಜಿನ ಮೇಲಿನ ಮಹಡಿಯ ಪ್ರಯೋಗಾಲಯಕ್ಕೆ ಕೆಲಸಕ್ಕೆ ಬಂದಳು. ಅವಳಿಗೆ ಚೂಟಿ ಎಂದು ಹೆಸರಿಟ್ಟವರೂ ದೊಡ್ಡಪ್ಪನೇ. ಮೀನಿನ ರೆಕ್ಕೆಯ ಚೂರು ಕತ್ತರಿಸಿ, ಡಿಎನ್‌ಎ ಓದಿ, ಗೋಬಿಗಳ ವಂಶವೃಕ್ಷ ಬರೆಯುವುದು ಅವಳ ಕೆಲಸ. ಹೋಲಿಸಲೆಂದು ತಾಜಾ ಕೆರೆಗೋಬಿಯೊಂದನ್ನೂ ಓದಿದಳು. ಕಣ್ಣಿಲ್ಲದ ಮೀನು ಹೋಗಿ ಅದರ ಕೊಂಬೆಯಲ್ಲೇ ಕೂತಿತು.

"ಇದು ಬರೀ ಕೆರೆಗೋಬಿ, ದೊಡ್ಡಪ್ಪ. ಕತ್ತಲಲ್ಲಿದ್ದು ಕಣ್ಣು ಕಳ್ಕೊಂಡಿದೆ, ಅಷ್ಟೆ."

ದೊಡ್ಡಪ್ಪ ಬಹಳ ಹೊತ್ತು ಕನ್ನಡಕ ಒರೆಸಿದರು. "ನೀನು ಹೇಳಿದ್ಮೇಲೆ ಮುಗೀತು ಬಿಡು. ಬೇರೆ ಯಾರ್ ಹೇಳಿದ್ರೂ ನಾನು ನಂಬ್ತಿರ್ಲಿಲ್ಲ."

ಮರುದಿನ ಬೆಳಿಗ್ಗೆ ಚೂಟಿ ಎರಡೂ ಮೀನುಗಳ ಡಿಎನ್‌ಎ ಅಕ್ಷರಸಾಲುಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದಳು. ಒಂದಕ್ಷರದ ವ್ಯತ್ಯಾಸವೂ ಇರಲಿಲ್ಲ. ಒಡಹುಟ್ಟಿದವರಲ್ಲೂ ಅಲ್ಲಲ್ಲಿ ಅಕ್ಷರ ಬೇರೆಯಾಗುತ್ತದೆ. ಇದು ನೆಂಟಸ್ತಿಕೆಯಲ್ಲ, ಎರಡು ಸಲವೂ ಓದಿದ್ದು ಅದೇ ಒಂದು ಮೀನು! ಒಂದು ಮೀನು ಕತ್ತರಿಸಿದ ಮೇಲೆ ಕತ್ತರಿಯನ್ನು ಬೆಂಕಿಗೆ ಹಿಡಿದು ಸುಡಬೇಕು, ಆಮೇಲೇ ಇನ್ನೊಂದನ್ನು ಮುಟ್ಟಬೇಕು. ಅಂದು ಕೆರೆಗೋಬಿ ಕತ್ತರಿಸಿದ ಕೂಡಲೇ ಅಮ್ಮನ ಫೋನ್ ಬಂದಿತ್ತು. ಮಾತು ಮುಗಿಸಿ ಬಂದವಳು ಕತ್ತರಿಯನ್ನು ಹಾಗೇ ಎತ್ತಿಕೊಂಡಿದ್ದಳು. ಹಳೆಯ ಮೀನಿನಲ್ಲಿ ಉಳಿದಿದ್ದ ಚೂರುಪಾರು ಡಿಎನ್‌ಎಯನ್ನು ತಾಜಾ ಮೀನಿನದು ಮುಳುಗಿಸಿಬಿಟ್ಟಿತ್ತು.

ದೊಡ್ಡಪ್ಪನ ಕೋಣೆ ಇದ್ದದ್ದು ಒಂದೇ ಮಹಡಿ ಕೆಳಗೆ. ಆದರೆ ಮಧ್ಯಾಹ್ನ ಅದೇ ವಂಶವೃಕ್ಷವನ್ನು ಎಲ್ಲರೆದುರು ತೋರಿಸಬೇಕಿತ್ತು, ಪ್ರಯೋಗಾಲಯದ ಮುಖ್ಯಸ್ಥೆ ಮುಂದಿನ ಸಾಲಿನಲ್ಲೇ ಕೂರುವವರಿದ್ದರು. ಅದೊಂದು ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡಳು. ತಪ್ಪು ಮಾಡಲು ಯಾರೂ ಮುಹೂರ್ತ ನೋಡುವುದಿಲ್ಲ, ಒಪ್ಪಿಕೊಳ್ಳಲು ಮಾತ್ರ ಎಲ್ಲರಿಗೂ ಒಳ್ಳೆಯ ಗಳಿಗೆಯೇ ಬೇಕು. ಮಧ್ಯಾಹ್ನ ತೋರಿಸಿ ಮುಗಿಸಿದಾಗ ಚಪ್ಪಾಳೆ ಬಿತ್ತು. ಪ್ರತಿ ಚಪ್ಪಾಳೆಯೂ ಕೆನ್ನೆಗೆ ಬಿದ್ದಂತಾಯಿತು.

ಸಂಜೆ ಕೆಳಗಿಳಿದಾಗ ಸ್ಪಿರಿಟ್ ಸೀಸೆ ಕಿಟಕಿಯ ಮೇಲೆ ಬೋರಲಾಗಿ ಒಣಗುತ್ತಿತ್ತು.

"ಮೀನೆಲ್ಲಿ ದೊಡ್ಡಪ್ಪ?"

"ಮಧ್ಯಾಹ್ನ ವಿದ್ಯಾರ್ಥಿಗಳಿಗೆ ಕೊಟ್ಬಿಟ್ಟೆ. ಕೊಯ್ಯೋಕೆ ಮೀನು ಸಾಲ್ತಿಲ್ಲ ಅಂದ್ರು. ನನಗೂ ಅದನ್ನ ನೋಡ್ತಾ ಕೂತ್ರೆ ನಾಚಿಕೆ ಆಗ್ತಿತ್ತು."

ಚೂಟಿ ಕತ್ತರಿಯ ವಿಷಯ ಹೇಳಿದಳು. ಅಲ್ಲಿಗೇ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. "ಬೆಳಿಗ್ಗೇನೇ ಗೊತ್ತಾಗಿತ್ತು. ಹೇಳೋಕೆ ಧೈರ್ಯ ಬರ್ಲಿಲ್ಲ."

ದೊಡ್ಡಪ್ಪ ಬೈಯಲಿಲ್ಲ. ಬೈದಿದ್ದರೆ ಅವಳ ಮನಸ್ಸು ಹಗುರಾಗುತ್ತಿತ್ತು. ಎದ್ದು ಸೀದಾ ತರಗತಿಗೆ ನಡೆದರು. ಬೇಸಿನ್ನಿನ ತುಂಬ ಮೀನಿನ ತುಂಡುಗಳು ಬಿದ್ದಿದ್ದವು. ಕಣ್ಣಿಲ್ಲದ ತಲೆಯನ್ನು ಗುರುತಿಸಬಹುದು ಎಂದು ಇಬ್ಬರೂ ಬಗ್ಗಿ ಹುಡುಕಿದರು. ಅಂದಿನ ಪಾಠ ಕಣ್ಣು ಮತ್ತು ಮಿದುಳಿನದಂತೆ. ಒಂದು ತಲೆಗೂ ಕಣ್ಣು ಉಳಿದಿರಲಿಲ್ಲ.

"ಒಂದೊಂದೇ ತುಂಡು ತಗೊಂಡು ಓದ್ತೀನಿ," ಎಂದಳು ಚೂಟಿ. "ಎಲ್ಲಕ್ಕಿಂತ ಬೇರೆ ಬಂದಿದ್ದೇ ನಿಮ್ಮದು. ಸಿಕ್ಕರೂ ಸಿಗಬಹುದು."

ದೊಡ್ಡಪ್ಪ ಬೇಸಿನ್ ಎತ್ತಿಕೊಂಡು ಅವಳ ಹಿಂದೆಯೇ ಮಹಡಿ ಹತ್ತಿದರು. ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತರು. ಅವಳು ಕತ್ತರಿ ಸುಟ್ಟು, ಆರಿಸಿ, ಮೊದಲ ತುಂಡಿನಿಂದ ಚೂರು ತೆಗೆದು ಟ್ಯೂಬಿಗೆ ಹಾಕಿದಳು. ಮತ್ತೆ ಕತ್ತರಿ ಸುಟ್ಟು ಎರಡನೆಯದಕ್ಕೆ ಕೈ ಹಾಕಿದಳು.

"ಸುಟ್ಯಾ?" ಎಂದರು ದೊಡ್ಡಪ್ಪ.

"ಸುಟ್ಟೆ, ದೊಡ್ಡಪ್ಪ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅವಳ ಕೈಯಿಂದ ಕತ್ತರಿ ತೆಗೆದುಕೊಂಡರು, ಕನ್ನಡಕ ಒರೆಸಿಕೊಂಡರು, ತಾವೇ ಇನ್ನೊಮ್ಮೆ ಬೆಂಕಿಗೆ ಹಿಡಿದರು.