ಪರದೆಯಲ್ಲಿ ಸಿಕ್ಕ ಭಾರ

“ಬಾಯಿಗೆ ಬಂದ ಹಾಗೆ ಮಾತಾಡಬೇಡ ಅಣ್ಣ! ನಾನು ಮಾಡಿದ ತಲೇಲಿ ತಪ್ಪಿಲ್ಲ.”

“ಯಾವ ತಲೆ? ಈ ಕೋಲಿಂದೋ, ನಿನ್ನ ಹೆಗಲ ಮೇಲಿರೋದೋ? ಎರಡೂ ಟೊಳ್ಳು!”

ಅಣ್ಣ ಗಾಲ್ಫ್ ಕೋಲನ್ನು ಬೆಂಚಿನ ಮೇಲೆ ಎಸೆದ. ಅರ, ಸುತ್ತಿಗೆ, ಸ್ಕ್ರೂ ಡಬ್ಬಿ ಎಲ್ಲ ಒಂದು ಸಲ ಎಗರಿ ಕೂತವು. ಹಿತ್ತಲ ಆಚೆಯ ಮೈದಾನದಲ್ಲಿ ಅದರಿಂದ ಚೆಂಡು ಹೊಡೆದು ನೋಡಿದ್ದ ಗಾಲ್ಫ್ ಕೋಚ್ ಈಗಷ್ಟೇ ಬಂದು ವಾಪಸ್ ಕೊಟ್ಟಿದ್ದರು. ಭಾರ ಎಲ್ಲಿಟ್ಟರೂ ಚೆಂಡು ಬಲಕ್ಕೇ ವಾಲುತ್ತೆ, ಇದರಲ್ಲಿ ಹೊಸದೇನೂ ಇಲ್ಲ ಎಂದಿದ್ದರು. ಮರ್ಯಾದಸ್ಥ ಮನುಷ್ಯ, ಅಣ್ಣ ತಂಗಿ ಜಗಳ ಶುರುವಾದದ್ದೇ ತಡ, ಹಿತ್ತಲ ಕಟ್ಟೆಯ ಮೇಲೆ ಹೋಗಿ ಕೂತರು.

ತಂಗಿಯನ್ನು ಮನೆಯಲ್ಲಿ ಎಲ್ಲರೂ ತಕ್ಕಡಿ ಎಂದೇ ಕರೆಯುತ್ತಿದ್ದರು. ಸಣ್ಣವಳಿದ್ದಾಗಿನಿಂದ ಏನು ಸಿಕ್ಕರೂ ಅಂಗೈಯಲ್ಲಿಟ್ಟು ತೂಗಿ ನೋಡುವ ಚಾಳಿ ಅವಳದು. ತಲೆಗೂದಲು ನರೆತರೂ ಆ ಚಾಳಿ ಹೋಗಿರಲಿಲ್ಲ. ಮನೆಗೆ ಅಂಟಿಕೊಂಡಂತೆ ಅಪ್ಪ ಕಟ್ಟಿದ ಈ ಕಾರ್ಖಾನೆಯಲ್ಲಿ ಚೆಂಡಿಗೆ ಬಡಿಯುವ ಕೋಲಿನ ತಲೆಗಳ ನಕ್ಷೆ ಬರೆಯುವವಳು ಅವಳು. ಬಣ್ಣ ಬಳಿದು, ಮುದ್ರೆ ಒತ್ತಿ ಹೊರಗೆ ಕಳಿಸುವವನು ಅಣ್ಣ.

ಈ ಸಲದ ತಲೆಗಾಗಿ ಅವಳು ಮೈಯೆಲ್ಲ ಕಣ್ಣಾಗಿ ದುಡಿದಿದ್ದಳು. ಟೊಳ್ಳು ತಲೆಯ ಮೇಲ್ಭಾಗವನ್ನು ತಗಡಿನಷ್ಟು ತೆಳ್ಳಗೆ ಮಾಡಿದಳು. ಅಲ್ಲಿ ಉಳಿದ ತೂಕವನ್ನೆಲ್ಲ ಬೆರಳ ತುದಿಯಷ್ಟು, ಸೀಸಕ್ಕಿಂತ ಭಾರದ ಟಂಗ್‌ಸ್ಟನ್ ತುಂಡಿಗೆ ಕೊಟ್ಟಳು. ಆ ತುಂಡು ತಲೆಯ ಹಿಂಭಾಗದಲ್ಲಿ ಕೊರೆದ ಜಾಡಿನಲ್ಲಿ ಜಾರುತ್ತದೆ, ಬೇಕಾದ ಕಡೆ ತಿರುಪು ಬಿಗಿದರೆ ನಿಲ್ಲುತ್ತದೆ. ಹಿಡಿಕೆ ಸೇರುವ ಕಡೆ ನಿಲ್ಲಿಸಿದರೆ ಚೆಂಡು ಎಡಕ್ಕೆ, ಅದರ ಎದುರಿನ ತುದಿಯ ಕಡೆ ನಿಲ್ಲಿಸಿದರೆ ಬಲಕ್ಕೆ. ಆಡುವವನು ತನ್ನ ಕೈಗೆ ತಕ್ಕಂತೆ ಕೋಲನ್ನು ಒಗ್ಗಿಸಿಕೊಳ್ಳಬಹುದು. ಕೋಚ್ ಒಪ್ಪಿದರೆ ಅವರ ಶಿಷ್ಯರೆಲ್ಲರ ಕೈಗೂ ಇದೇ ಕೋಲು. ಇಲ್ಲವಾದರೆ ನಕ್ಷೆ ಅಟ್ಟಕ್ಕೆ.

ತಕ್ಕಡಿ ಕೋಲನ್ನು ಎತ್ತಿಕೊಂಡು ತಿರುಪು ಬಿಚ್ಚಿದಳು. ಜಾರುವ ತುಂಡು ಅಂಗೈಗೆ ಬಿತ್ತು. ಹೊರಗೆ ಅದೇ ಕಪ್ಪು ಬಣ್ಣ, ಅದೇ ಆಕಾರ. ಆದರೆ ಅಂಗೈಗೆ ಏನೋ ಬಿದ್ದಿದೆ ಎಂದೇ ಅನ್ನಿಸಲಿಲ್ಲ.

“ಇದು ಅಲ್ಯೂಮಿನಿಯಂ. ನನ್ನ ತುಂಡು ಎಲ್ಲಿ?”

ಅಣ್ಣ ಮೀಸೆ ತಿಕ್ಕಿಕೊಂಡ. ಅವಳು ತಲೆಯನ್ನು ಬೆಂಚಿಗೆ ಬಿಗಿದ ವೈಸಿನ ದವಡೆಗೆ ಕಚ್ಚಿಸಿ, ಗರಗಸ ತಗೊಂಡು ಕೊಯ್ಯತೊಡಗಿದಳು. ಎರಡು ಹೋಳಾದಾಗ ಒಳಗೆ ತುದಿಯ ಕಡೆ ಅಂಟು ಹೆಪ್ಪುಗಟ್ಟಿ ಕೂತಿತ್ತು, ನೆಲ್ಲಿಕಾಯಿ ಗಾತ್ರ.

“ಅಂಟು ಸುರಿದಿದ್ದೀಯ!”

“ಹೌದು, ಸುರಿದೆ! ಅಪ್ಪನ ಕಾಲದಿಂದ ತೂಕ ಕಮ್ಮಿ ಬಂದ ತಲೆಗೆ ಅಂಟು ಸುರಿದೇ ಸರಿ ಮಾಡಿರೋದು. ನಿನ್ನ ತಲೆ ಹಗುರ ಬಂತು, ಸುರಿದೆ. ಆಮೇಲೆ ಆ ತುಂಡು ಸೇರಿಸಿದ್ರೆ ತೂಕ ಜಾಸ್ತಿ ಆಯ್ತು, ಬದಲಾಯಿಸಿದೆ. ತಕ್ಕಡೀಲಿಟ್ಟು ನೋಡು, ಕೂದಲೆಳೆ ವ್ಯತ್ಯಾಸ ಇಲ್ಲ.”

“ತೂಕ ಎಷ್ಟು ಅನ್ನೋದಲ್ಲ, ಎಲ್ಲಿದೆ ಅನ್ನೋದು ಮುಖ್ಯ! ನಾನು ಬೆವರು ಸುರಿಸಿ ಉಳಿಸಿದ ಭಾರಾನೆಲ್ಲ ನೀನು ಒಂದು ಮೂಲೇಲಿ ಹೂತು ಹಾಕಿದ್ದೀಯ. ಚೆಂಡು ಬಲಕ್ಕೆ ಹೋಗದೆ ಇನ್ನೇನು ನಿನ್ನ ಮಾವನ ಮನೆಗೆ ಹೋಗುತ್ತಾ?”

“ಆ ತುಂಡು ಕಳಚಿ ಹಾರಿದ್ರೆ?” ಅಣ್ಣ ತುಟಿ ಎಳೆದು ತೋರಿಸಿದ. ಮುಂದಿನ ಹಲ್ಲುಗಳು ಕಟ್ಟಿಸಿದವು. ಹುಡುಗನಾಗಿದ್ದಾಗ ಇದೇ ಹಿತ್ತಲಲ್ಲಿ ಕೋಲಿನಿಂದ ಕಳಚಿದ ತಲೆ ಬಾಯಿಗೇ ಬಡಿದಿತ್ತು. “ಅವತ್ತು ನನ್ನ ಹಲ್ಲು ಹೋಯ್ತು. ನಾಳೆ ಇನ್ಯಾರದ್ದೋ ಕಣ್ಣು ಹೋಗುತ್ತೆ. ಕೋಲಿನ ತಲೇಲಿ ಅಲ್ಲಾಡೋದು ಏನೂ ಇರಬಾರದು.”

ಅದಕ್ಕೇ ಅವಳು ತಿರುಪನ್ನು ಮಾಡಿ ಮುರಿದು, ಮುರಿದು ಮಾಡಿದ್ದಳು. ತುಂಡು ಕೂತ ತಲೆಯನ್ನು ಕಲ್ಲಿಗೆ ಕುಟ್ಟಿ ಕುಟ್ಟಿ ನೋಡಿದ್ದಳು. ಅಲ್ಲಾಡಿರಲಿಲ್ಲ. ಅದನ್ನು ಹೇಳಿದಳು. ಅಣ್ಣ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಷ್ಟರಲ್ಲಿ ಅತ್ತಿಗೆ ಅಡುಗೆಮನೆಯಿಂದ ಚಹಾ ಹಿಡಿದು ಬಂದರು. ಹಿಂದೆಯೇ ಅಡುಗೆಮನೆ ಬಾಗಿಲಿನ ಪರದೆ ತೂಗಿ ಬಂದು ಚೌಕಟ್ಟಿಗೆ ಟಣ್ ಎಂದು ಬಡಿಯಿತು.

ಬಟ್ಟೆ ಟಣ್ ಎನ್ನುತ್ತದೆಯೇ? ತಕ್ಕಡಿ ಹೋಗಿ ಪರದೆಯ ಅಂಚನ್ನು ಹಿಡಿದಳು.

“ಅತ್ತಿಗೆ, ಇದರಲ್ಲಿ ಏನು ಹಾಕಿದ್ದೀರಿ?”

“ಅದಾ? ನಿಮ್ಮಣ್ಣ ಇಂಥ ನಾಲ್ಕೈದು ತುಂಡು ಕಸದ ಬುಟ್ಟಿಗೆ ಹಾಕಿದ್ರು ಕಣಮ್ಮ. ಚಿಕ್ಕದಾದ್ರೂ ಎಷ್ಟು ಭಾರ! ಗಾಳಿ ಬಂದ್ರೆ ಸಾಕು, ಪರದೆ ಹಾರಿ ಒಲೆ ಮೇಲೆ ಬೀಳ್ತಿತ್ತು. ಅಂಚಿಗೆ ಸೇರಿಸಿ ಹೊಲಿದುಬಿಟ್ಟೆ.”

ತಕ್ಕಡಿಗೆ ಆ ಸಿಟ್ಟಿನಲ್ಲೂ ನಗು ಬಂತು. “ಈ ಮನೇಲಿ ನನ್ನ ಭಾರಾನ ಸರಿಯಾದ ಜಾಗಕ್ಕೆ ಹಾಕಿದೋರು ನೀವೊಬ್ರೇ. ಕತ್ತರಿ ಕೊಡಿ.”

ಹೊಲಿಗೆ ಬಿಚ್ಚಿ ಒಂದು ತುಂಡು ತೆಗೆದಳು. ಬೆಂಚಿನ ಕೆಳಗಿಂದ ತಾನೇ ಮಾಡಿಟ್ಟಿದ್ದ, ಅಂಟು ಸೋಕದ ಇನ್ನೊಂದು ತಲೆಯನ್ನು ಎಳೆದು, ಬೇರೆ ಕೋಲಿಗೆ ತಿರುಪಿ, ತುಂಡನ್ನು ಹಿಡಿಕೆಯ ಕಡೆ ಬಿಗಿದಳು. ನೇರ ಹೋಗಿ ಕೋಚ್ ಮುಂದೆ ಹಿಡಿದಳು.

“ಮೊದಲು ಕೊಟ್ಟಿದ್ದು ನಾನು ಮಾಡಿದ್ದಲ್ಲ ಸರ್. ಇದು ನಂದು. ಹೊಡೀರಿ.”

ಕೋಚ್ ಹೊಡೆದರು. ಚೆಂಡು ನೆಟ್ಟಗೆ ಎದ್ದು, ಯಾರೋ ಕರೆದ ಹಾಗೆ ಎಡಕ್ಕೆ ಹೊರಳಿತು. ತಕ್ಕಡಿ ತುಂಡನ್ನು ತುದಿಗೆ ಸರಿಸಿಕೊಟ್ಟಳು. ಈ ಸಲ ಬಲಕ್ಕೆ. ಮತ್ತೆ ಹಿಡಿಕೆಯ ಕಡೆಗೆ. ಎಡಕ್ಕೆ. ಕೋಚ್ ಕೋಲನ್ನು ಮಗುಚಿ ನೋಡಿ ನಕ್ಕರು.

“ಇದು ಬೇಕು ನನಗೆ. ಹೀಗೇ ಬೇಕು.”

ಹಿತ್ತಲ ಬಾಗಿಲಲ್ಲಿ ನಿಂತು ಅಣ್ಣ ಎಲ್ಲವನ್ನೂ ನೋಡಿದ್ದ. ಅವನ ಮುಖ ಒಂದು ಗಳಿಗೆ ಸಡಿಲವಾಯಿತು. ಆಮೇಲೆ ಮತ್ತೆ ಬಿಗಿದುಕೊಂಡಿತು.

“ಆಟ ಚೆನ್ನಾಗಿದೆ. ಆದ್ರೆ ತುಂಡಿಗೆ ಅಂಟು ಹಾಕಿ ಕೂರಿಸದ ತಲೆಗೆ ಅಪ್ಪನ ಮುದ್ರೆ ಬೀಳಲ್ಲ. ನಾನಿರೋವರೆಗೂ ಬೀಳಲ್ಲ.”

“ಕಣ್ಣಾರೆ ನೋಡಿದ ಮೇಲೂ?”

“ನೋಡಿದ ಮೇಲೂ.”

“ಸರಿ. ಮುದ್ರೆ ನೀನೇ ಇಟ್ಕೋ. ತಲೆ ನಂದು, ನಾನು ತಗೊಂಡು ಹೋಗ್ತೀನಿ.”

“ಹೋದ್ರೆ ಹಾಗೇ ಹೋಗು!”

ಅವಳು ಒಳಗೆ ಬಂದು ನಕ್ಷೆಗಳನ್ನು ಸುರುಳಿ ಸುತ್ತಿ ಕಂಕುಳಿಗೆ ಸಿಕ್ಕಿಸಿಕೊಂಡಳು. ತನ್ನ ಅರಗಳನ್ನು ಚೀಲಕ್ಕೆ ಹಾಕಿದಳು. ಅತ್ತಿಗೆ ಪರದೆಯ ಉಳಿದ ಹೊಲಿಗೆಯನ್ನೆಲ್ಲ ಬಿಚ್ಚಿ, ತುಂಡುಗಳನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ ಅವಳ ಕೈಗಿಟ್ಟರು. ತಕ್ಕಡಿ ಗಂಟನ್ನು ಅಂಗೈಯಲ್ಲಿ ತೂಗಿ ನೋಡಿದಳು. ಕೋಲಿನಲ್ಲಿದ್ದ ಒಂದನ್ನು ಬಿಟ್ಟರೆ ಒಂದೂ ಕಮ್ಮಿ ಇರಲಿಲ್ಲ.

ಹೊರಗೆ ಕೋಚ್ ಕೋಲು ಹಿಡಿದು ಕಾಯುತ್ತಿದ್ದರು. ಅವಳು ಚಪ್ಪಲಿ ಮೆಟ್ಟಿ ಹೊರಟಳು. ಗೇಟಿನವರೆಗೂ ಅತ್ತಿಗೆಗೆ ಹೇಳುವ ಅಣ್ಣನ ದನಿ ಕೇಳಿಸಿತು:

“ಬಿಡೇ, ಎಲ್ಲಿಗೆ ಹೋಗ್ತಾಳೆ? ಹಸಿವಾದ್ರೆ ತಾನೇ ಬರ್ತಾಳೆ.”

ಹಸಿವಾಯಿತು. ಅವಳು ಬರಲಿಲ್ಲ.