ಕೆಳಗೆ ಜನ ತಿಂತಿದ್ದಾರೆ

ಸುಗುಣಾ ಟೀಚರಿಗೆ ಅವತ್ತು ಬಂದ ಸಿಟ್ಟು ಅಷ್ಟಿಷ್ಟಲ್ಲ. ಅತಿಥಿಗಳನ್ನು ಕರೆಸಿದ್ದು ಬೇರೆ ಯಾರೂ ಅಲ್ಲ, ತಾನೇ. ಮೂರು ತಿಂಗಳು ಫೋನ್ ಮಾಡಿ ಮಾಡಿ, ಬನ್ನಿ ಬನ್ನಿ ಎಂದು ಜೀವ ತಿಂದು. ಪುಣೆಯ ನೃತ್ಯತಂಡದ ಮಂಜುಳಾ ಮತ್ತು ಅವಳ ಜೊತೆಗಾರ ಉತ್ಕರ್ಷ, ವರ್ಷವಿಡೀ ಊರೂರಿನ ವೇದಿಕೆಗಳಲ್ಲೇ ಇರುವವರು, ನಾಸಿಕದ ಪಂಚವಟಿಯಲ್ಲಿರುವ ತನ್ನ ಪುಟ್ಟ ಭರತನಾಟ್ಯ ಶಾಲೆಗೆ ಮೂರು ದಿನ ಪಾಠಕ್ಕೆ ಬರುತ್ತಾರೆಂದರೆ ಸಾಮಾನ್ಯವೇ? ಮಂಜುಳಾ ಮೂಲತಃ ಧಾರವಾಡದವಳು, ಕನ್ನಡದಲ್ಲೇ ಮಾತಾಡಬಹುದು ಎಂಬುದು ಇನ್ನೊಂದು ಖುಷಿ. ಆ ಕನ್ನಡವೇ ಕುತ್ತಿಗೆಗೆ ಬಂತು.

ಮೊದಲ ದಿನ ಇಪ್ಪತ್ತು ಹುಡುಗಿಯರು ತಟ್ಟಡವು, ಅಂದರೆ ನೆಲಕ್ಕೆ ಕಾಲು ತಟ್ಟುವ ಮೊದಲ ಪಾಠ, ಮಾಡಿ ತೋರಿಸಿದರು. ಮಂಜುಳಾ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕಣ್ಣು ಮುಚ್ಚಿ ಕೂತಳು. ಧ್ಯಾನ ಮಾಡುತ್ತಿದ್ದಾಳೇನೋ ಎಂದು ಸುಗುಣಾ ಹಿಗ್ಗಿದರೆ, ಆಕೆ ಕಣ್ಣು ಬಿಟ್ಟು ಅಂದದ್ದು ಇದು:

"ಏನ್ರೀ ಇದು? ಕಣ್ಣು ಮುಚ್ಚಿದ್ರ ಇಲ್ಲಿ ಯಾರೂ ಇಲ್ಲ ಅನ್ನಸ್ತದ. ಇಪ್ಪತ್ತು ಮಂದಿ ಕುಣ್ಯಾಕತ್ತಾರ, ಒಂದು ಕಾಲಿಗೂ ದನಿ ಇಲ್ಲ. ಯಾರು ಕಲಿಸ್ಯಾರ ಹಿಂಗ?"

ಯಾರು ಕಲಿಸ್ಯಾರಂತೆ! ಎದುರಿಗೇ ಸೀರೆ ಉಟ್ಟು, ತಟ್ಟುಕೋಲು ಹಿಡಿದು ನಿಂತಿದ್ದವಳು ಇನ್ಯಾರು, ತರಕಾರಿ ಮಾರಲು ಬಂದವಳೇ? ಸುಗುಣಾಗೆ ಕಿವಿಯವರೆಗೂ ಉರಿಯಿತು. ಕನ್ನಡ ಬಲ್ಲ ಮಕ್ಕಳು ತಲೆ ತಗ್ಗಿಸಿದರು. ಕನ್ನಡ ಬಾರದ ಮಕ್ಕಳಿಗೆ ಉತ್ಕರ್ಷ ಅದನ್ನೇ ಮರಾಠಿಯಲ್ಲಿ ಇನ್ನೊಂದು ಸಲ ಹೇಳಿ ಪುಣ್ಯ ಕಟ್ಟಿಕೊಂಡ.

ಆದರೆ ಸುಗುಣಾ ಹೇಳುವುದಾದರೂ ಏನು? ಆ ಮಕ್ಕಳ ಕಾಲನ್ನು ಮೂಕ ಮಾಡಿದ್ದು ಮಸಾಲೆ ದೋಸೆ ಎಂದೇ?

ಹೌದು, ದೋಸೆಯೇ. ಶಾಲೆ ಇದ್ದದ್ದು ಹಳೇ ವಾಡೆಯೊಂದರ ಮಹಡಿಯಲ್ಲಿ. ಕೆಳಗೆ ಗಂಡ ಸುಧಾಕರನ ಸಸ್ಯಾಹಾರಿ ಹೋಟೆಲು. ನಡುವೆ ಮರದ ಹಲಗೆಗಳು. ಮೇಲೆ ಒಂದು ಕಾಲು ಜೋರಾಗಿ ಬಿದ್ದರೆ ಹಲಗೆಯ ಸಂದಿನಿಂದ ನೂರು ವರ್ಷದ ಧೂಳು ಕೆಳಗಿನ ಟೇಬಲ್ಲಿಗೆ ಉದುರುತ್ತಿತ್ತು. ಶಾಲೆ ಶುರುವಾದ ದಿನವೇ ಗಿರಾಕಿಯೊಬ್ಬನ ದೋಸೆಯ ಮೇಲೆ ಬಿದ್ದು, ಸುಧಾಕರ ಜೇಡರಬಲೆ ತೆಗೆಯುವ ಉದ್ದ ಕೋಲಿನಿಂದ ಮಾಳಿಗೆಗೆ ಎರಡು ಸಲ ಕುಟ್ಟಿದ್ದ. ಟಕ್ ಟಕ್. ಅಂದಿನಿಂದ ಅದೇ ಕಾನೂನು. ಆ ಸದ್ದು ಕೇಳಿದರೆ ಸಾಕು, "ಮೆಲ್ಲಗೆ ಮಕ್ಕಳೇ, ಕೆಳಗೆ ಜನ ತಿಂತಿದ್ದಾರೆ" ಎನ್ನುವಳು ಸುಗುಣಾ. ಕ್ರಮೇಣ ಕೋಲು ಕುಟ್ಟುವ ಅಗತ್ಯವೇ ಉಳಿಯಲಿಲ್ಲ. ಹೊಸದಾಗಿ ಸೇರಿದ ಮಗು ನಮಸ್ಕಾರಕ್ಕಿಂತ ಮೊದಲು ಕಲಿಯುತ್ತಿದ್ದದ್ದು ಹಿಮ್ಮಡಿಯನ್ನು ಸದ್ದಿಲ್ಲದೆ ಇಡುವುದನ್ನು.

ಮೂರನೆಯ ದಿನ ಮಂಜುಳಾ ಹಿಂದಿನ ಸಾಲಿನ ದಾನಮ್ಮನತ್ತ ಬೆರಳು ತೋರಿಸಿದಳು. "ಈ ಹುಡುಗಿ ಅರೆಮಂಡಿ ನೋಡ್ರಿ, ಕಣ್ಣು ನೋಡ್ರಿ. ನಮ್ಮ ತಂಡಕ್ಕ ಒಬ್ಬಾಕಿ ಬೇಕಾಗ್ಯಾಳ. ಉಳಕೊಳ್ಳೋದು, ಕಾಲೇಜು, ಎಲ್ಲಾ ನಾವ ನೋಡಕೋತೀವಿ. ಮುಂದಿನ ತಿಂಗಳು ಸಂಭಾಜಿನಗರದಾಗ ನಮ್ಮ ಶಿಬಿರ ಅದ, ಅಲ್ಲಿಗೆ ಕರಕೊಂಡ ಬರ್ರಿ. ಕಾಲು ಮಾತಾಡಿದ್ರ ತಗೋತೀನಿ. ಇಲ್ಲಂದ್ರ ಇಲ್ಲ."

ದಾನಮ್ಮ ಹದಿನಾರರ ಹುಡುಗಿ. ಅಪ್ಪ ರಾಚಪ್ಪ ವಿಜಯಪುರದ ಕಡೆಯವನು, ಆರು ವರ್ಷದಿಂದ ನಾಸಿಕದಲ್ಲೇ ದುಡಿಯುತ್ತಿದ್ದ, ಈಗ ಊರಂಚಿನ ಅಂಬಡ್‌ನಲ್ಲಿ ಕಟ್ಟಡದ ಕೆಲಸ. ಆ ಕಟ್ಟಡ ಮುಗಿಯುತ್ತ ಬಂದಿತ್ತು. ಮುಂದಿನ ಕೆಲಸ ಸೂರತ್ತಿನಲ್ಲಿ, ಅಲ್ಲಿಗೆ ಹೋದರೆ ಕುಣಿತ ಅಲ್ಲಿಗೇ ಮುಗಿಯಿತು. ಹುಡುಗಿಗೆ ಇದ್ದ ದಾರಿ ಇದೊಂದೇ.

ಆ ರಾತ್ರಿಯ ಊಟಕ್ಕೂ ಕಾಯದೆ ಸುಗುಣಾ ಗಲ್ಲಾದ ಮುಂದೆ ಹೋಗಿ ನಿಂತಳು. "ನಾಲ್ಕರಿಂದ ಆರು, ಒಂದೇ ಒಂದು ತಿಂಗಳು, ಮಕ್ಕಳು ಜೋರಾಗಿ ತುಳೀಲಿ."

"ಎಂತ ಮಾರಾಯ್ತಿ ಹೊಸ ರಾಗ?" ಎಂದ ಸುಧಾಕರ. "ಅದು ತಿಂಡಿ ಹೊತ್ತು. ಸಾಂಬಾರಿಗೆ ಮಣ್ಣು ಬಿದ್ರೆ ನೀನು ಬಂದು ಉತ್ತರ ಕೊಡ್ತೀಯಾ? ಹನ್ನೊಂದು ವರ್ಷದಲ್ಲಿ ಯಾರಾದ್ರೂ ದೂರು ಹೇಳಿದ್ರಾ?"

"ಹೇಳಿದ್ಲಲ್ಲ, ಇಪ್ಪತ್ತು ಮಕ್ಕಳ ಎದುರು ನನ್ನ ಮರ್ಯಾದೆ ತೆಗೆದು ಹೇಳಿದ್ಲು! ಅಡಿಯಿಂದ ಒಂದು ಸೀಲಿಂಗ್ ಹಾಕಿಸಿ ಅಂತ ನಾನು ಬಾಯಿ ಬಡ್ಕೊಂಡದ್ದೆಷ್ಟು?"

"ಮುಂದಿನ ದೀಪಾವಳಿಗೆ ನೋಡುವ."

ಇದು ಅವನ ಹನ್ನೊಂದನೆಯ ದೀಪಾವಳಿ. ಈ ನಡುವೆ ಜ್ಯೂಸ್ ಕೌಂಟರ್ ಬಂದಿತ್ತು, ಎಸಿ ರೂಮು ಬಂದಿತ್ತು, ಬಾಗಿಲಿಗೆ ಮಿಣಮಿಣ ದೀಪದ ಬೋರ್ಡೂ ಬಂದಿತ್ತು. ಸೀಲಿಂಗಿಗೆ ಮಾತ್ರ ಮುಹೂರ್ತ ಕೂಡಿ ಬರಲಿಲ್ಲ. ಥೂ ಇವರ ಹೋಟೆಲಿಗೆ, ಎಂದುಕೊಂಡಳು ಸುಗುಣಾ. ಅದಕ್ಕಿಂತ ಹೆಚ್ಚು ತನಗೇ ಬೈದುಕೊಂಡಳು. ಕೋಲು ಕುಟ್ಟಿದವನು ಗಂಡ ಇರಬಹುದು, "ಮೆಲ್ಲಗೆ" ಎಂದ ಬಾಯಿ ಯಾರದು?

ದಾರಿ ತೋರಿಸಿದವನು ರಾಚಪ್ಪ. ಸ್ಲ್ಯಾಬ್ ಹಾಕಲು ಬಳಸುವ ಪ್ಲೈವುಡ್ ಹಲಗೆಗಳನ್ನು ತುಂಡು ಮರದ ಮೇಲೆ ಜೋಡಿಸಿ, ಮುಗಿಯುತ್ತ ಬಂದ ಆ ಕಟ್ಟಡದ ಕೆಳ ಅಂತಸ್ತಿನಲ್ಲಿ ಮಗಳಿಗೆ ಒಂದು ಅಟ್ಟಣೆ ಮಾಡಿಕೊಟ್ಟ. ದಿನಾ ಸಂಜೆ ಸುಗುಣಾ ರಿಕ್ಷಾ ಹಿಡಿದು ಅಂಬಡ್‌ಗೆ ಹೋದಳು. ಮೊದಲ ವಾರ ದಾನಮ್ಮನ ಕಾಲು ಗಾಳಿಯಲ್ಲಿ ಜೋರಾಗಿ ಹೊರಟು, ನೆಲಕ್ಕೆ ಬರುವಾಗ ತಾನಾಗಿ ಮೆತ್ತಗಾಗುತ್ತಿತ್ತು.

"ಟೀಚರ್, ಪಾಯ್ ಐಕತಚ್ ನಾಹೀತ್ರೀ," ಎಂದು ಅತ್ತಳು ಹುಡುಗಿ. ಕಾಲು ಮಾತೇ ಕೇಳುತ್ತಿಲ್ಲವಂತೆ.

ರಾಚಪ್ಪ ಕೈಯ ಸಿಮೆಂಟು ಒರೆಸಿಕೊಂಡು ಬಂದು ನಿಂತ. "ತುಳಿಯವ್ವ. ಕೆಳಗ ಮಣ್ಣೈತಿ, ಯಾರೂ ಉಣ್ಣಾಕತ್ತಿಲ್ಲ."

ಆ ಮಾತಿಗೆ ಸುಗುಣಾ ಮುಖ ಆಚೆ ತಿರುಗಿಸಿದಳು. ಎರಡನೆಯ ವಾರ ಸದ್ದು ಬಂತು. ಮೂರನೆಯ ವಾರ ಮೇಲಿನ ಅಂತಸ್ತಿನ ಕೆಲಸಗಾರರು ಏನಾಯಿತೆಂದು ಇಳಿದು ಬಂದು ನೋಡಿದರು.

ಸಂಭಾಜಿನಗರಕ್ಕೆ ಬೆಳಗಿನ ಬಸ್ಸಿನಲ್ಲಿ ಹೋದರು. ಸಭಾಂಗಣದ ವೇದಿಕೆ ಒಳ್ಳೆಯ ಮರದ್ದು. ಸುಗುಣಾ ಬೆರಳಿನಿಂದ ಕುಟ್ಟಿ ನೋಡಿ ಸಮಾಧಾನಪಟ್ಟಳು. ದಾನಮ್ಮನ ಸರದಿ ಬರುವಾಗ ಹನ್ನೊಂದೂವರೆ. ಅದೇ ಹೊತ್ತಿಗೆ ಶಿಬಿರದವರು ಮೊದಲ ಸಾಲಿಗೆ ಒಗ್ಗರಣೆ ಅವಲಕ್ಕಿಯ ಪೋಹೆ, ಬಟಾಟೆವಡೆಯ ಪ್ಲೇಟು ಹಂಚಿದರು. ಉತ್ಕರ್ಷ ಚಮಚ ಬಾಯಿಗಿಟ್ಟೇ "ಚಾಲೂ ಕರಾ," ಶುರು ಮಾಡು, ಎಂದು ಕೈ ಬೀಸಿದ. ಮಂಜುಳಾಳ ತೊಡೆಯ ಮೇಲೂ ಒಂದು ಪ್ಲೇಟು.

ದಾನಮ್ಮ ಮೊಣಕಾಲು ಬಗ್ಗಿಸಿ ಅರೆಮಂಡಿಯಲ್ಲಿ ಕೂತಳು. ಎದುರಿಗೆ ನೋಡಿದಳು. ಜನ ತಿನ್ನುತ್ತಿದ್ದರು.

ಕಾಲು ಬಿತ್ತು. ಸದ್ದಿಲ್ಲ. ಇನ್ನೊಂದು ಬಿತ್ತು. ಇಲ್ಲ. ಆರು ವರ್ಷದ ಅಭ್ಯಾಸ ಮೂರು ವಾರವನ್ನು ನುಂಗಿ ಹಾಕಿತು. ಮಂಜುಳಾ ತಲೆ ಅಲ್ಲಾಡಿಸಿ ಪೆನ್ನು ಕೈಗೆತ್ತಿಕೊಂಡಳು.

ಸುಗುಣಾಗೆ ತಾನು ಎದ್ದದ್ದೇ ಗೊತ್ತಾಗಲಿಲ್ಲ. ನೇರ ಮೊದಲ ಸಾಲಿಗೆ ಹೋಗಿ ಉತ್ಕರ್ಷನ ಕೈಯಿಂದ ಪ್ಲೇಟು ಕಿತ್ತುಕೊಂಡಳು. ಅವನ ಪಕ್ಕದವನದ್ದು, ಆಚೆಯವಳದ್ದು, ಕೊನೆಗೆ ಮಂಜುಳಾಳದ್ದು. ಹೋಟೆಲಿನವನ ಹೆಂಡತಿ ಅಲ್ಲವೇ, ಏಳು ಪ್ಲೇಟು ತೋಳಿನ ಮೇಲೆ ಜೋಡಿಸಿಕೊಂಡು ನಿಂತಳು, ಒಂದು ಅವಲಕ್ಕಿ ಕಾಳೂ ಬೀಳಲಿಲ್ಲ.

"ಏನ್ರೀ ಇದು!" ಎಂದಳು ಮಂಜುಳಾ.

"ನಾನು ಕೇಳ್ಬೇಕು, ಏನಿದು ಅಂತ! ಕುಣಿಯುವ ಮಗುವಿನ ಎದುರು ಕೂತು ತಿಂತೀರಲ್ಲ, ನೀವೂ ಕಲಾವಿದರಾ? ಯಾರು ಕಲಿಸಿದ್ದು ಅಂತ ಕೇಳಿದ್ರಲ್ಲ ಅವತ್ತು, ನಾನೇ ಕಲಿಸಿದ್ದು. ತಿನ್ನುವವರಿಗೆ ಹೆದರಿ ಕುಣೀಲಿಕ್ಕೆ ನಾನೇ ಕಲಿಸಿದ್ದು. ತಪ್ಪು ನನ್ನದು, ಅವಳದ್ದಲ್ಲ." ಆಮೇಲೆ ವೇದಿಕೆಯತ್ತ ತಿರುಗಿದಳು. "ದಾನಮ್ಮಾ, ಈಗ ಯಾರೂ ತಿಂತಿಲ್ಲ. ತುಳಿ!"

ದಾನಮ್ಮ ತುಳಿದಳು. ಸಭಾಂಗಣದ ಹಿಂದಿನ ಬಾಗಿಲಲ್ಲಿ ನಿಂತಿದ್ದ ಚಹಾದವನೂ ತಿರುಗಿ ನೋಡಿದ. ಮಂಜುಳಾ ಕಣ್ಣು ಮುಚ್ಚಿದಳು, ಕೊನೆಯ ಹೆಜ್ಜೆಯವರೆಗೂ ಬಿಡಲಿಲ್ಲ.

"ಜೂನ್‌ಕ ಕಳಸ್ರಿ," ಎಂದಳು ಮುಗಿದ ಮೇಲೆ. ಕ್ಷಮೆ ಗಿಮೆ ಏನೂ ಕೇಳಲಿಲ್ಲ. "ಉಳದ ಹತ್ತೊಂಬತ್ತು ಮಂದೀದು ಏನು ಮಾಡ್ತೀರಿ?"

ನಾಸಿಕಕ್ಕೆ ಹಿಂತಿರುಗುವ ಬಸ್ಸಿನಲ್ಲಿ ದಾನಮ್ಮ ನಿದ್ದೆ ಹೋದಳು. ಸುಗುಣಾಗೆ ಆ ಪ್ರಶ್ನೆ ನಿದ್ದೆ ಕೊಡಲಿಲ್ಲ.

ಸೋಮವಾರ ನಾಲ್ಕು ಗಂಟೆಗೆ ಹುಡುಗಿಯರು ಸಾಲಾಗಿ ನಿಂತರು. "ಜೋರಾಗಿ," ಎಂದಳು ಸುಗುಣಾ. ಅವರು ಹೆದರಿ ಹೆದರಿ ಒಂದು ಹೆಜ್ಜೆ ಹಾಕಿದರು. ಕೂಡಲೇ ಕೆಳಗಿನಿಂದ ಟಕ್ ಟಕ್. ಅಷ್ಟೂ ಕಾಲು ಅಲ್ಲಲ್ಲೇ ನಿಂತವು.

ಸುಗುಣಾ ಸೆರಗು ಸಿಕ್ಕಿಸಿ ಹಲಗೆಯ ನಟ್ಟನಡುವೆ ಬಂದಳು. ಐವತ್ತೆರಡರ ಮೊಣಕಾಲು ಬಗ್ಗಿಸಿ ಕೂತು, ಎರಡು ಸಲ ತುಳಿದಳು. ಕೆಳಗೆ ಯಾರೋ ಕೂಗಿಕೊಂಡರು, ಕುರ್ಚಿ ಸರಿದ ಸದ್ದಾಯಿತು. ಮತ್ತೆ ಟಕ್ ಟಕ್. ಮತ್ತೆ ತುಳಿದಳು.

ಸುಧಾಕರ ಕೋಲು ಹಿಡಿದೇ ಮೆಟ್ಟಿಲು ಹತ್ತಿ ಬಂದ. ತಲೆಯ ತುಂಬ ಧೂಳು. "ಗಿರಾಕಿ ಎದ್ದು ಹೋದ್ರು ಮಾರಾಯ್ತಿ!"

"ಹೋಗ್ಲಿ. ಇನ್ನು ನಾಲ್ಕರಿಂದ ಆರು ಕೆಳಗೆ ತಿಂಡಿ ಇಲ್ಲ. ಬೇಕಾದ್ರೆ ನಾಳೆಯೇ ಸೀಲಿಂಗ್ ಹಾಕಿಸಿ. ಆ ಕೋಲು ಇಲ್ಲಿ ಕೊಡಿ."

ಅವನು ಹೆಂಡತಿಯ ಮುಖ ನೋಡಿದ, ಸಾಲಾಗಿ ನಿಂತ ಹುಡುಗಿಯರನ್ನು ನೋಡಿದ, ಕೊಟ್ಟುಬಿಟ್ಟ. ಸುಗುಣಾ ಅದರ ಬುಡವನ್ನು ಹಲಗೆಗೆ ಕುಟ್ಟಿ ತಾಳ ಹಾಕಿದಳು. "ತೈಯಾ ತೈ!"

ಇಪ್ಪತ್ತು ಕಾಲುಗಳು ಒಟ್ಟಿಗೆ ಬಿದ್ದವು.