ಕರಡಿ ಸವಾರನ ಸಾಕ್ಷಿ

ಅಂಬ್ರೋಸ್ ಟ್ಯಾಕೆಟ್ ಕರಡಿಯ ಬೆನ್ನೇರಿ ಒಹಾಯೊ ನದಿ ದಾಟಿದ ಕಥೆ ನಮ್ಮ ಕೆಂಟಕಿಯ ಬೆಟ್ಟಗಳಲ್ಲಿ ಗೊತ್ತಿಲ್ಲದವರಿಲ್ಲ. ಮಹಾಪೂರ ಬಂದ ವರ್ಷ ಬೇಸಿಗೆಯ ಮೂರು ತಿಂಗಳೂ ಅವನು ಇಳಿಯಲೇ ಇಲ್ಲವಂತೆ. ಈ ಕಥೆಯ ಮೇಲೆ ಅವನು ಹದಿನಾಲ್ಕು ವರ್ಷ ಉಂಡ. ಯಾವ ಮನೆಯ ಬಾಗಿಲಿಗೆ ಹೋದರೂ ಹಂದಿಮಾಂಸ, ಜೋಳದ ರೊಟ್ಟಿ, ಮೇಲೊಂದು ಲೋಟ ವಿಸ್ಕಿ. ಹುಟ್ಟಿದ ಗಂಡುಮಕ್ಕಳಿಗೆಲ್ಲ ಅವನ ಹೆಸರು. ನಮ್ಮ ಹಳ್ಳದ ದಂಡೆಯಲ್ಲೇ ಆರು ಜನ ಅಂಬ್ರೋಸರಿದ್ದಾರೆ, ಅದರಲ್ಲೊಂದು ಹೇಸರಗತ್ತೆ.

ಆ ಕಥೆ ಸುಳ್ಳೆಂದು ಬಲ್ಲವಳು ನಾನೊಬ್ಬಳೇ. ಆ ಬೇಸಿಗೆಯೆಲ್ಲ ಅಂಬ್ರೋಸ್ ನಮ್ಮ ದಿಮ್ಮಿ ಮನೆಯಲ್ಲಿ ಬೋರಲು ಮಲಗಿದ್ದ. ನನ್ನ ಗಂಡ ಎನಾಕ್ ಬೇಲ್ಸ್ ಕಾಡು ಕಡಿದು ಮೊದಲ ಸಲ ಜೋಳ ಬಿತ್ತಿದ್ದ ವರ್ಷ ಅದು. ಹಂದಿಗಳನ್ನು ಕಾಡಿಗೆ ಮೇಯಲು ಬಿಡುವ ಮೊದಲು ಮರಿಗಳ ಕಿವಿಗೆ ನಮ್ಮ ಗುರುತು ಕೊಯ್ಯಬೇಕು. ಹಂದಿ ಯಾರದೆಂದು ಹೇಳುವುದು ಕಿವಿಯೇ. ಸಹಾಯಕ್ಕೆ ಬಂದ ಅಂಬ್ರೋಸ್ ಒಂದು ಮರಿ ಹಿಡಿದ. ಮರಿ ಕಿರುಚಿತು. ತಾಯಿಹಂದಿ ಹಿಂದಿನಿಂದ ಬಂದು ಅವನ ಎಡ ಕುಂಡೆಗೆ ಬಾಯಿ ಹಾಕಿತು. ಗಾಯ ಕೀವು ತುಂಬಿ ಆಸಾಮಿ ಸಾಯುವುದೊಂದು ಬಾಕಿ. ದಿನಾ ತೊಗಟೆ ಅರೆದು ಪಟ್ಟು ಕಟ್ಟಿ ಉಳಿಸಿಕೊಂಡವಳು ನಾನು.

ಅವನು ಎದ್ದು ಊರಿಗೆ ಹೋದಾಗ ಹೆಂಡದಂಗಡಿಯಲ್ಲಿ, ಇಷ್ಟು ದಿನ ಎಲ್ಲಿದ್ದೆ ಅಂದರಂತೆ. ಹಂದಿ ಅನ್ನಲು ನಾಚಿಕೆಯಾಗಿ ಕರಡಿ ಅಂದ. ಮಿಕ್ಕಿದ್ದನ್ನು ಊರೇ ಸೇರಿಸಿತು. ಎನಾಕ್ ಬಾಯಿ ಬಿಡದೆ ಸತ್ತ, ನಾನೂ ಬಿಡಲಿಲ್ಲ. ಬಡಪಾಯಿ ನಾಲ್ಕು ತುತ್ತು ಉಣ್ಣಲಿ, ನಮ್ಮ ಗಂಟೇನು ಹೋಗುತ್ತದೆ ಅಂದುಕೊಂಡಿದ್ದೆ.

ಗಂಟು ಹೋಗುವ ಕಾಲ ಬಂತು. ಪೂರ್ವದ ಪಟ್ಟಣದಿಂದ ಲಾತ್ರಪ್ ಎಂಬವನು ಒಂದು ಕಾಗದ ಹಿಡಿದು ಬಂದು, ನನ್ನ ಹೊಲ ತನ್ನದೆಂದ. ಕಾಗದ ಮಹಾಪೂರದ ವರ್ಷದ ಕೊನೆಗೆ, ಚಳಿಗಾಲದಲ್ಲಿ ಬರೆದದ್ದು. ಕಾನೂನಿನ ಪ್ರಕಾರ, ಅದಕ್ಕೆ ಮೊದಲೇ ನಾವು ಇಲ್ಲಿ ಒಂದು ಬೆಳೆ ಜೋಳ ತೆಗೆದಿದ್ದರೆ ಹೊಲ ನನ್ನದು, ಇಲ್ಲದಿದ್ದರೆ ಅವನದು. ನನ್ನ ಮಾತೊಂದೇ ಸಾಲದು, ಬೆಳೆ ಕಣ್ಣಾರೆ ಕಂಡ ಹೊರಗಿನವರ ಸಾಕ್ಷಿ ಬೇಕು. ನಾನು ಅಂಬ್ರೋಸನ ಗುಡಿಸಲಿಗೆ ಹೋದೆ.

"ಬೇರೆ ಯಾರನ್ನಾದ್ರೂ ಕೇಳಕ್ಕ," ಅಂದ.

"ಬೇರೆ ಯಾರಿದಾರೆ? ಆ ವರ್ಷ ಈ ಹಳ್ಳದಲ್ಲಿ ಇದ್ದಿದ್ದು ನಾವು ಮೂರು ಜನ, ಒಂದು ಹಂದಿ. ಎನಾಕ್ ಮಣ್ಣಲ್ಲಿದ್ದಾನೆ. ಹಂದಿನ ತಿಂದಾಯ್ತು."

ಅವನು ಬೂಟಿಗಂಟಿದ ಕೆಸರು ಕೆರೆಯತೊಡಗಿದ. "ಕೆಜಾಯಕ್ಕ, ನನಗೆ ಹೊಲ ಇಲ್ಲ, ಹೆಂಡ್ತಿ ಇಲ್ಲ. ಇರೋದು ಅದೊಂದು ಕರಡಿ."

"ನನಗಿರೋದು ಅದೊಂದು ಹೊಲ," ಅಂದು ಎದ್ದು ಬಂದೆ. ದಾರಿಯುದ್ದಕ್ಕೂ ಅವನ ಮೇಲೂ ಸಿಟ್ಟು, ನನ್ನ ಮೇಲೂ ಸಿಟ್ಟು.

ಕೋರ್ಟು ಕೂತದ್ದು ಹೆಂಡದಂಗಡಿಯಲ್ಲೇ, ಅಷ್ಟು ದೊಡ್ಡ ಕೋಣೆ ಬೇರೆಲ್ಲಿದೆ? ಅಂಬ್ರೋಸ್ ಬರುವುದಿಲ್ಲ ಅಂದುಕೊಂಡಿದ್ದೆ, ಬಂದ. ಬೈಬಲ್ ಮುಟ್ಟಿದ, ಗೋಡೆ ನೋಡುತ್ತ ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟ: ಹಂದಿ, ಮರಿ, ಕಚ್ಚಿದ ಜಾಗ, ಎಲ್ಲವನ್ನೂ.

"ಬೋರಲು ಮಲಗಿ ಬಾಗಿಲಾಚೆ ನೋಡೋದು ಬಿಟ್ರೆ ನಂಗೇನು ಕೆಲಸ ಇತ್ತು? ಎನಾಕನ ಜೋಳ ಮೊಳಕೆಯಿಂದ ತೆನೆವರೆಗೂ ನೋಡಿದೀನಿ. ಇಪ್ಪತ್ತೆರಡು ಸಾಲು. ಏಳನೇ ಸಾಲು ಸೊಟ್ಟ."

ಕೋಣೆ ಬಿದ್ದು ಬಿದ್ದು ನಕ್ಕಿತು. ಲಾತ್ರಪ್‌ನ ವಕೀಲ ಎದ್ದು, "ಸ್ವಾಮಿ, ಆ ಬೇಸಿಗೇಲಿ ಈತ ಎಲ್ಲಿದ್ದ ಅಂತ ಗೊತ್ತಿಲ್ದೋರು ಯಾರಾದ್ರೂ ಇದ್ರೆ ಕೈ ಎತ್ತಲಿ," ಅಂದ. ಒಂದು ಕೈಯೂ ಏಳಲಿಲ್ಲ.

ಜಡ್ಜ್ ಕಣ್ಣೊರೆಸಿಕೊಂಡರು. "ಅಂಬ್ರೋಸ್, ವಿಧವೆಗೋಸ್ಕರ ಸುಳ್ಳು ಹೇಳೋದು ದೊಡ್ಡ ಗುಣ ಕಣಪ್ಪ. ಆದ್ರೂ ಬೈಬಲ್ ಮುಟ್ಟಿದೀಯ."

"ನಾನು ಹೇಳ್ತಿರೋದೇ ನಿಜ, ಸ್ವಾಮಿ."

"ನನ್ನ ಮಗನಿಗೆ ನಿನ್ನ ಹೆಸರಿಟ್ಟಿದೀನಿ, ಮರ್ಯಾದೆಯಾಗಿ ಮಾತಾಡು," ಅಂದ ಜೆಥ್ರೊ ಹಿಗ್ಗಿನ್ಸ್. ತೀರ್ಪು ಕೊಡಲು ಕೂತ ಹನ್ನೆರಡು ಪಂಚರಲ್ಲಿ ಅವನೊಬ್ಬ. ಹುಟ್ಟಿದಾರಭ್ಯ ಹಂದಿ ಸಾಕಿದವನು.

ಹದಿನಾಲ್ಕು ವರ್ಷ ಸುಳ್ಳನ್ನು ತಲೆಮೇಲೆ ಹೊತ್ತ ಜನ ನಿಜ ಎದುರು ಬಂದು ನಿಂತರೆ ಆಚೆ ಹೋಗು ಅನ್ನುತ್ತಿದ್ದರು. ಅಂಬ್ರೋಸ್ ನನ್ನ ಕಡೆ ಒಮ್ಮೆ ನೋಡಿ, ಇಜಾರದ ಗುಂಡಿಗೆ ಕೈ ಹಾಕಿದ.

ಹೆಂಗಸರು ಹೊರಗೆ ಹೋಗಿ ಅಂದರು ಜಡ್ಜ್. ನಾನು ಹೋಗಲಿಲ್ಲ. ಆ ಜಾಗವನ್ನು ನನಗಿಂತ ಹೆಚ್ಚು ನೋಡಿದವರು ಅಲ್ಲಿ ಯಾರೂ ಇರಲಿಲ್ಲ.

ಜೆಥ್ರೊ ಬಗ್ಗಿ ನೋಡಿದ. ದೀಪ ತರಿಸಿ ಮತ್ತೆ ನೋಡಿದ. ತನ್ನ ಮುಂಗೈ ಮೇಲೆ ಹಂದಿ ಕಚ್ಚಿದ್ದ ಹಳೇ ಕಲೆಯನ್ನು ಪಕ್ಕದಲ್ಲಿ ಹಿಡಿದು ತಾಳೆ ಹಾಕಿದ. ನೆಟ್ಟಗೆ ನಿಂತಾಗ ಅವನ ಮುಖ ಹೆಣ ಹೊತ್ತವರ ಮುಖವಾಗಿತ್ತು.

"ಹಂದೀದೇ," ಅಂದ. "ಈದ ಹಂದೀದು."

ಒಬ್ಬರೂ ನಗಲಿಲ್ಲ. ತೀರ್ಪು ನನ್ನ ಕಡೆ ಆಯಿತು, ಲಾತ್ರಪ್ ಕಾಗದ ಮಡಿಸಿಕೊಂಡು ಹೋದ. ಹೊಲ ಗೆದ್ದವಳು ನಾನು, ನನಗೇ ಯಾರ ಮುಖ ನೋಡಲೂ ಆಗಲಿಲ್ಲ. ಜನ ಅಂಬ್ರೋಸನಿಗೆ ತಾಗದಂತೆ ಸುತ್ತುಹಾಕಿಕೊಂಡು ಹೊರಗೆ ಹೋಗುತ್ತಿದ್ದರು. ಜೆಥ್ರೊ ಮಾತ್ರ ನಿಂತ.

"ನನ್ನ ಮಗಳಿಗೆ ಜ್ವರ ಬಂದಾಗ ಆ ಕಥೆ ಹೇಳಿ ಹೇಳೇ ಗಂಜಿ ಕುಡಿಸಿದೆ. ಇನ್ನೇನು ಹೇಳ್ಲಿ?"

"ಅದನ್ನೇ ಹೇಳು. ಅವಳೇನು ಕೋರ್ಟಿಗೆ ಬಂದಿರ್ಲಿಲ್ವಲ್ಲ," ಅಂದ ಅಂಬ್ರೋಸ್. ಜೆಥ್ರೊ ಟೋಪಿ ಹಾಕಿಕೊಂಡು ಹೊರಟುಹೋದ.

ಆಮೇಲೆ ಎರಡು ವಾರ ಅಂಬ್ರೋಸನನ್ನು ಯಾರೂ ಊಟಕ್ಕೆ ಕರೆಯಲಿಲ್ಲವೆಂದು ತಿಳಿಯಿತು. ನಾನೇ ಹೋಗಿ ಎಳಕೊಂಡು ಬಂದೆ. ಬಟ್ಟಲು ತುಂಬ ಹುರುಳಿಕಾಯಿ, ಮಾಂಸ ಬಡಿಸಿದೆ. ತಲೆ ತಗ್ಗಿಸಿ ತಿಂದ, ಕದ್ದು ತಿನ್ನುವವನ ಹಾಗೆ. ಆ ಮನುಷ್ಯ ಮಾತಿಲ್ಲದೆ ಉಂಡದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ.

"ಅಲ್ಲಾ, ಆ ಕರಡಿ ಎಷ್ಟೆತ್ತರ ಇತ್ತು?" ಅಂದೆ.

ಅವನು ಕತ್ತೆತ್ತಿ ದುರುಗುಟ್ಟಿದ. "ತಮಾಷೆ ಮಾಡ್ತೀಯಾ? ಬೈಬಲ್ ಮುಟ್ಟಿ ಹೇಳಿದೀನಿ, ಕರಡಿ ಇಲ್ಲ ಅಂತ."

"ಅದು ಕೋರ್ಟಿಗೆ. ಇದು ನನ್ನ ಮನೆ."

ಅವನು ಚಮಚ ಕೆಳಗಿಟ್ಟ. ಬಾಗಿಲ ಕಡೆ ನೋಡಿದ, ನನ್ನ ಕಡೆ ನೋಡಿದ. ನಿಧಾನವಾಗಿ ಕೈ ಎತ್ತಿ ತಲೆಗಿಂತ ಮೇಲೆ ಅಳತೆ ತೋರಿಸಿದ. ಶುರುವಾಯಿತು. ಬೇಸಿಗೆಯೆಲ್ಲ ಅವನ ಗಾಯಕ್ಕೆ ಪಟ್ಟು ಕಟ್ಟಿದವಳು ನಾನು, ಆದರೂ ಕರಡಿ ಅವನನ್ನು ಹೊತ್ತು ಆ ತುಂಬಿದ ನದಿಗೆ ಹಾರಿದಾಗ ಸೌಟು ಹಿಡಿದ ನನ್ನ ಕೈ ನಿಂತುಬಿಟ್ಟಿತು, "ಅಯ್ಯೋ, ಆಮೇಲೆ?" ಅಂದೆ.